ನಮ್ಮ ಭಾವ ನಿಮ್ಮ ಸೇತುವೆ ಮುರಿಯಲಿಲ್ಲ

ಸೇತುವೆ ವಿಭಾಗದ ಮುಖ್ಯ ಎಂಜಿನಿಯರರೇ,

ಮೂರು ಪುಟಗಳ ನನ್ನ ದೂರಿಗೆ ನಿಮ್ಮ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂದಿದೆ. "ಸದರಿ ಸೇತುವೆಯು ಭಾರಪರೀಕ್ಷೆಯಲ್ಲಿ ಉತ್ತೀರ್ಣವಾಗಿರುತ್ತದೆ. ನಾಲ್ಕನೇ ಅಂಕಣದ ಕುಸಿತಕ್ಕೆ ಬಸ್ ಚಾಲಕನ ನಿರ್ಲಕ್ಷ್ಯದ ಚಾಲನೆಯೇ ಕಾರಣವೆಂದು ತೀರ್ಮಾನಿಸಲಾಗಿದೆ." ತೀರ್ಮಾನಿಸಿದವರು ಯಾರು, ಯಾವಾಗ, ಏನನ್ನು ನೋಡಿ ಎಂಬುದು ಅದರಲ್ಲಿಲ್ಲ. ಈ "ಲಾಗಿದೆ" ಎಂಬ ಬಾಲವೊಂದು ಇಲ್ಲದೆ ಹೋಗಿದ್ದರೆ ನಿಮ್ಮ ಇಲಾಖೆ ಒಂದು ದಿನವೂ ನಡೆಯುತ್ತಿರಲಿಲ್ಲ. ತೀರ್ಮಾನಿಸಲಾಗಿದೆ, ಪರಿಶೀಲಿಸಲಾಗಿದೆ, ಮುಕ್ತಾಯಗೊಳಿಸಲಾಗಿದೆ. ಮಾಡಿದವರು ಮಾತ್ರ ಯಾರೂ ಇಲ್ಲ. ಎಲ್ಲವೂ ತಾನೇ ತಾನಾಗಿ ಆಗಿಬಿಟ್ಟಿದೆ, ಹಾಲು ಒಡೆದ ಹಾಗೆ.

ಆ ನಿರ್ಲಕ್ಷ್ಯದ ಚಾಲಕ ನನ್ನ ಅಕ್ಕನ ಗಂಡ. ನಾಲ್ಕು ತಿಂಗಳಿಂದ ಸೊಂಟಕ್ಕೆ ಕಬ್ಬಿಣದ ಪಟ್ಟಿ ಹಾಕಿಸಿಕೊಂಡು, ನಾಲ್ಕು ಕಾಲಿನ ಊರುಗೋಲು ಹಿಡಿದು, ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ ಚಾಲನೆ ಮಾಡುತ್ತಿದ್ದಾರೆ. ಅದನ್ನಾದರೂ ಜಾಗರೂಕತೆಯಿಂದಲೇ ಮಾಡುತ್ತಿದ್ದಾರೆ ಎಂದು ತಮ್ಮ ಗಮನಕ್ಕೆ ತರಬಯಸುತ್ತೇನೆ. ಇನ್ನು ನಾನು ಯಾರೆಂದು ನಿಮಗೆ ಗೊತ್ತು. ನಿಮ್ಮದೇ ಇಲಾಖೆಯ ಪರೀಕ್ಷಾಲಯದಲ್ಲಿ ಹತ್ತೊಂಬತ್ತು ವರ್ಷ ಭಾರ ಒತ್ತುವ ಯಂತ್ರ ನಡೆಸಿದವಳು. ನೀವು ಮುಖ್ಯ ಎಂಜಿನಿಯರ್ ಆಗುವುದಕ್ಕೆ ಮುಂಚೆ, ಈ ಸೇತುವೆಯ ಯೋಜನೆ ನಿಮ್ಮ ಕೈಯಲ್ಲಿದ್ದಾಗ, ಒಂದು ಶುಕ್ರವಾರ ಮಧ್ಯಾಹ್ನ ನಾವಿಬ್ಬರೂ ಒಂದೇ ಬೀಮಿನ ಆಚೆ ಈಚೆ ನಿಂತು ಮಾತಾಡಿದ್ದೇವೆ. ನಿಮಗೆ ಮರೆತಿರಬಹುದು. ಮರೆಯುವುದಕ್ಕೆ ನಿಮಗೆ ಅನುಕೂಲಗಳಿವೆ, ನನಗೆ ಇಲ್ಲ.

ಪತ್ರಿಕೆ ಓದುವ ಜನರಿಗೂ ವಿಷಯ ತಿಳಿಯಬೇಕಾದ್ದರಿಂದ ಮೊದಲು ಆ ಬೀಮು ಎಂಥದು ಎಂದು ಹೇಳುತ್ತೇನೆ. ನಿಮ್ಮ ಸೇತುವೆಯ ಕೆಳಗಡೆ ಉಕ್ಕಿನ ತೊಲೆಗಳಿವೆ. ಅವುಗಳ ಮೇಲೆ, ನಾವು ಓಡಾಡುವ ಕಾಂಕ್ರೀಟ್ ಸ್ಲ್ಯಾಬ್. ಎರಡೂ ಸುಮ್ಮನೆ ಒಂದರ ಮೇಲೊಂದು ಕುಳಿತಿಲ್ಲ. ಉಕ್ಕಿನ ತೊಲೆಯ ನೆತ್ತಿಯ ಮೇಲೆ ಹೆಬ್ಬೆರಳು ದಪ್ಪದ, ತಲೆಯುಳ್ಳ ಗೂಟಗಳನ್ನು ಸಾಲಾಗಿ ವೆಲ್ಡ್ ಮಾಡಿ ನಿಲ್ಲಿಸಿರುತ್ತಾರೆ. ಸ್ಟಡ್ ಎನ್ನುತ್ತಾರೆ. ಅವುಗಳನ್ನು ಮುಳುಗಿಸಿ ಕಾಂಕ್ರೀಟ್ ಸುರಿದರೆ, ಗಟ್ಟಿಯಾದ ಮೇಲೆ ಉಕ್ಕು ಮತ್ತು ಕಾಂಕ್ರೀಟ್ ಒಂದೇ ಮೈಯಾಗಿ ಭಾರ ಹೊರುತ್ತವೆ. ಅಕ್ಕನಿಗೆ ಇದನ್ನು ಅಡುಗೆಮನೆಯಲ್ಲಿ ಎರಡು ಸ್ಕೇಲು ಹಿಡಿದು ತೋರಿಸಿದ್ದೆ. ಒಂದರ ಮೇಲೊಂದು ಇಟ್ಟು ಬಗ್ಗಿಸಿದರೆ ಸುಲಭವಾಗಿ ಬಾಗುತ್ತವೆ, ತುದಿಯಲ್ಲಿ ಒಂದು ಇನ್ನೊಂದರ ಮೇಲೆ ಜಾರುತ್ತದೆ. ಎರಡನ್ನೂ ಅಂಟಿಸಿಬಿಟ್ಟರೆ ಬಗ್ಗಿಸಲು ಕೈ ನೋಯುತ್ತದೆ. "ಅಂದ್ರೆ ಆ ಅಂಟೇ ಸೇತುವೆ ಅನ್ನು" ಎಂದಳು ಅಕ್ಕ. ಎಂಟನೇ ತರಗತಿಗೆ ಶಾಲೆ ಬಿಟ್ಟವಳಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ನಿಮಗೆ ಆರು ವರ್ಷ ಸಾಲಲಿಲ್ಲ.

ಈ ಸೇತುವೆಗೆ ನೀವು ಆರಿಸಿದ್ದು ಮಾಮೂಲಿ ಕಾಂಕ್ರೀಟ್ ಅಲ್ಲ, ಅದರ ಎರಡರಷ್ಟು ಗಟ್ಟಿಯಾದದ್ದು. ಕಾಮಗಾರಿಯ ಫಲಕದ ಮೇಲೆ "ಅತ್ಯುನ್ನತ ಸಾಮರ್ಥ್ಯದ ಕಾಂಕ್ರೀಟ್" ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿದಿರಿ. ಅದು ಕೆಟ್ಟ ವಸ್ತು ಎಂದು ನಾನು ಹೇಳುವುದಿಲ್ಲ. ತಿಳಿದು ಕಟ್ಟಿದವರ ಕೈಯಲ್ಲಿ ಅದು ಚೆನ್ನಾಗಿಯೇ ನಿಂತಿರುವುದನ್ನು ಪರೀಕ್ಷಿಸಿ ನೋಡಿದ್ದೇನೆ. ಆದರೆ ಮೆದು ಕಾಂಕ್ರೀಟು ಸ್ಟಡ್ಡಿನ ಬುಡದಲ್ಲಿ ಒಂದಿಷ್ಟು ನುಗ್ಗಾಗಿ ಜಾಗ ಕೊಡುತ್ತದೆ, ಎಳೆತ ಹಂಚಿಹೋಗುತ್ತದೆ. ಗಟ್ಟಿ ಕಾಂಕ್ರೀಟು ಜಾಗ ಕೊಡುವುದಿಲ್ಲ. ಅಷ್ಟೂ ಎಳೆತ ಸ್ಟಡ್ಡಿನ ಬುಡಕ್ಕೆ, ವೆಲ್ಡಿಂಗಿನ ಕೊರಳಿಗೆ ಬಂದು ಕೂರುತ್ತದೆ. ಒಂದು ಲಾರಿ ದಾಟಿದರೆ ಏನೂ ಆಗುವುದಿಲ್ಲ. ಸಾವಿರ ದಾಟಿದರೂ ಆಗುವುದಿಲ್ಲ. ಲಕ್ಷಗಟ್ಟಲೆ ದಾಟಿದಾಗ ಕಣ್ಣಿಗೆ ಕಾಣದ ಒಂದು ಗೆರೆ ಅಲ್ಲಿ ಹುಟ್ಟುತ್ತದೆ, ದಿನಕ್ಕೆ ಕೂದಲೆಳೆಗಿಂತಲೂ ಕಡಿಮೆ ಬೆಳೆಯುತ್ತದೆ. ಮೇಲೆ ಸ್ಲ್ಯಾಬು ಕನ್ನಡಿಯ ಹಾಗೆ ನುಣ್ಣಗೇ ಇರುತ್ತದೆ. ಹೀಗಾಗಿಯೇ ಇಂಥ ಬೀಮಿಗೆ ಒಮ್ಮೆ ಭಾರ ಹಾಕಿ ನೋಡಿದರೆ ಸಾಲದು, ಹಾಕಿ ತೆಗೆದು, ಹಾಕಿ ತೆಗೆದು ನೋಡಬೇಕು ಎಂಬ ನಿಯಮವಿದೆ. ನಿಮ್ಮ ಯೋಜನೆಯ ಕಡತದಲ್ಲೇ ಇದೆ: ಮೂರು ಮಾದರಿ ಬೀಮು, ಒಂದೊಂದಕ್ಕೂ ಇಪ್ಪತ್ತು ಲಕ್ಷ ಒತ್ತು.

ಮೊದಲನೆಯ ಬೀಮನ್ನು ನಾನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರಕ್ಕೆ ಕೊಟ್ಟೆ. ಸೆಕೆಂಡಿಗೆ ಮೂರು ಒತ್ತು. ಬೀಮಿನ ತುದಿಯಲ್ಲಿ, ಉಕ್ಕು ಮತ್ತು ಕಾಂಕ್ರೀಟು ಕೂಡುವ ಗೆರೆಯ ಮೇಲೆ ಒಂದು ಗೇಜು ಕೂರಿಸಿದ್ದೆ. ಅವೆರಡರ ನಡುವೆ ಕೂದಲೆಳೆಯಷ್ಟು ಜಾರಿದರೂ ಅದರ ಮುಳ್ಳು ಹೇಳುತ್ತದೆ. ಸೋಮವಾರ, ಮಂಗಳವಾರ, ಬುಧವಾರ ಮುಳ್ಳು ಅಲುಗಲಿಲ್ಲ ಎನ್ನಬೇಕು. ಗುರುವಾರ ಸಂಜೆಗೆ ಸ್ವಲ್ಪ ಸರಿದಿತ್ತು. ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಬೆರಳಿನ ನೆಟಿಗೆ ತೆಗೆದ ಹಾಗೆ ಒಂದು ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹೋಗಿ ನೋಡಿದರೆ ಮುಳ್ಳು ಒಂದು ಸುತ್ತು ಹೊಡೆದಿತ್ತು. ಯಂತ್ರ ನಿಲ್ಲಿಸಿದೆ. ಎಣಿಕೆ ಹತ್ತು ಲಕ್ಷ ಎಂಬತ್ತು ಸಾವಿರ ದಾಟಿತ್ತು. ದಾಖಲೆ ಪುಸ್ತಕದಲ್ಲಿ ಹಾಗೆಯೇ ಬರೆದೆ. ಆ ಪುಟ ಇನ್ನೂ ಇದೆ.

ನೀವು ಎರಡೂವರೆಗೆ ಬಂದಿರಿ. ಬೀಮಿನ ಸುತ್ತ ಒಂದು ಸುತ್ತು ಹಾಕಿ, ಸ್ಲ್ಯಾಬಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದಿರಿ.

"ಸ್ಟೀಲ್ ಎಲ್ಲಾದ್ರೂ ಮುರಿದಿದೆಯಾ?"

"ಇಲ್ಲ ಸರ್."

"ಕಾಂಕ್ರೀಟ್ ಬಿರುಕು ಬಿಟ್ಟಿದೆಯಾ?"

"ಮೇಲೆ ಏನೂ ಕಾಣ್ತಿಲ್ಲ."

"ಮತ್ತೆ ಯಾಕೆ ನಿಲ್ಲಿಸಿದ್ರಿ?"

"ಒಳಗಡೆ ಜಾರ್ತಿದೆ ಸರ್. ಸ್ಟಡ್ ಬಿಡ್ತಿದಾವೆ. ಒಡೆದು ನೋಡಿದ್ರೆ ಗೊತ್ತಾಗತ್ತೆ."

"ಒಡೆಯೋದೆಲ್ಲ ಬೇಡಮ್ಮ. ಒಂದ್ಸಲ ಪೂರ್ತಿ ಭಾರ ಕೊಡಿ. ತಡ್ಕೊಂಡ್ರೆ ಆಯ್ತಲ್ಲ."

ಕೊಟ್ಟೆ. ತಡೆದುಕೊಂಡಿತು. ದಣಿದ ಮನುಷ್ಯನೂ ಒಂದು ಸಲ ಮೂಟೆ ಎತ್ತುತ್ತಾನೆ. ಅಷ್ಟಕ್ಕೇ ನೀವು ಮುಖ ಅರಳಿಸಿ, ವೆಲ್ಡಿಂಗು ಮಾದರಿಯಲ್ಲಿ ಸ್ವಲ್ಪ ಸರಿಯಿರಲಿಲ್ಲ, ಸೇತುವೆಯಲ್ಲಿ ಸರಿಯಾಗಿ ಮಾಡಿಸೋಣ ಎಂದು ಹೇಳಿ ಹೊರಟಿರಿ. ಎರಡನೆಯ, ಮೂರನೆಯ ಬೀಮುಗಳು ಯಂತ್ರದ ಮುಖ ನೋಡಲೇ ಇಲ್ಲ. ಅಂಗಳದಲ್ಲಿ ಅವುಗಳ ಮೇಲೆ ಬಟ್ಟೆ ಒಣಗಿಸುತ್ತಿದ್ದರು.

ಸೋಮವಾರ ವರದಿ ಟೈಪಾಗಿ ಬಂತು. "ಪುನರಾವರ್ತಿತ ಭಾರಪರೀಕ್ಷೆ: ತೃಪ್ತಿಕರ." ಎಣಿಕೆ ಎಷ್ಟು ಎಂಬ ಸಾಲೇ ಅದರಲ್ಲಿರಲಿಲ್ಲ. ಕೆಳಗೆ ನಿಮ್ಮ ಸಹಿ ಆಗಿತ್ತು, ಯಂತ್ರ ನಿರ್ವಾಹಕಿಯ ಸಹಿಗೆ ಜಾಗ ಖಾಲಿ ಇತ್ತು. ಆಗ ನಾನು ಹದಿನಾಲ್ಕು ವರ್ಷದಿಂದ ಗುತ್ತಿಗೆಯ ನೌಕರಿಯಲ್ಲಿದ್ದೆ. ವರ್ಷಕ್ಕೊಮ್ಮೆ ಬಾಗಿಲಲ್ಲಿ ನಿಂತು ಮುಂದುವರಿಸಿ ಎಂದು ಕೇಳಿಕೊಳ್ಳುವ ನೌಕರಿ. ನೀವು ನನ್ನನ್ನು ಹೆದರಿಸಲಿಲ್ಲ, ಅದನ್ನು ಒಪ್ಪಬೇಕು. ಹೆದರಿಸಿದ್ದರೆ ಬಹುಶಃ ಸಹಿ ಹಾಕುತ್ತಿರಲಿಲ್ಲ. "ನಿಮ್ಮ ಕಾಯಂ ಫೈಲು ನನ್ನ ಟೇಬಲ್ ಮೇಲೇ ಇದೆ. ಈ ವಾರ ಮುಗಿಸಿಬಿಡ್ತೀನಿ" ಎಂದಿರಿ, ಮಗಳ ಮದುವೆ ಮಾತಾಡುವವರ ಹಾಗೆ, ಅಷ್ಟು ನಯವಾಗಿ. ನಾನು ಸಹಿ ಹಾಕಿದೆ. ಗುರುವಾರ ಕಾಯಂ ಆದೆ. ಅಕ್ಕನ ಮನೆಗೆ ಸಿಹಿ ತೆಗೆದುಕೊಂಡು ಹೋದೆ. ಭಾವ ಎರಡು ಸಲ ಹಾಕಿಸಿಕೊಂಡು ತಿಂದರು.

ಇದನ್ನು ಇಲ್ಲಿ ಬರೆಯುವಾಗ ಕೈ ನಡುಗುತ್ತಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಡುಗುತ್ತಿಲ್ಲ. ನಡುಗಬೇಕಾಗಿದ್ದ ದಿನ ನಡುಗಲಿಲ್ಲ, ಇವತ್ತು ನಡುಗಿ ಏನು ಬಂತು?

ಎರಡು ವರ್ಷದಲ್ಲಿ ಸೇತುವೆ ಎದ್ದು ನಿಂತಿತು. ಆರು ಅಂಕಣ, ಅಂದರೆ ಕಂಬದಿಂದ ಕಂಬಕ್ಕೆ ಆರು ತುಂಡು. ಉದ್ಘಾಟನೆಯ ಹಿಂದಿನ ದಿನ ನೀವು ಅದರ ಮೇಲೆ ಜಲ್ಲಿ ತುಂಬಿದ ಹದಿನಾರು ಲಾರಿ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು ಫೋಟೊ ತೆಗೆಸಿಕೊಂಡಿರಿ. ಪತ್ರಿಕೆಗಳು ಹಾಕಿದವು. ಆ ಫೋಟೊ ನೋಡಿದ ಯಾರಿಗೂ ಒಂದು ಪ್ರಶ್ನೆ ಹೊಳೆಯಲಿಲ್ಲವೇ? ಸೇತುವೆ ಕಟ್ಟುವುದು ಲಾರಿ ನಿಲ್ಲಿಸುವುದಕ್ಕೋ, ಲಾರಿ ಓಡುವುದಕ್ಕೋ? ನಿಲ್ಲಿಸುವುದಕ್ಕೇ ಆಗಿದ್ದರೆ ಬಯಲು ಸಾಕಿತ್ತು. ದಿನಕ್ಕೆ ಸಾವಿರ ಭಾರಿ ಲಾರಿಗಳು ಹೋಗುವ ದಾರಿಗೆ, ಹದಿನಾರು ಲಾರಿಗಳು ಒಂದು ದಿನ ಕದಲದೆ ನಿಂತು ಹೋದದ್ದು ಯಾವ ಪ್ರಮಾಣ? ವರ್ಷಪೂರ್ತಿ ಶಾಲೆಗೇ ಬಾರದವನು ಗುಂಪು ಫೋಟೊದಲ್ಲಿದ್ದಾನೆ ಎಂದು ತೇರ್ಗಡೆ ಮಾಡಿದ ಹಾಗಾಯಿತು. ನಿಮ್ಮ ಉತ್ತರದಲ್ಲಿರುವ "ಭಾರಪರೀಕ್ಷೆಯಲ್ಲಿ ಉತ್ತೀರ್ಣ" ಎಂಬುದು ಇದೇ.

ಭಾವ ಆ ಸೇತುವೆಯ ಮೇಲೆ ದಿನಕ್ಕೆ ಎಂಟು ಸಲ ಬಸ್ ಓಡಿಸುತ್ತಿದ್ದರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರ ಬಸ್ಸಿಗೆ ಒಂದು ಗೀರು ಬಿದ್ದಿರಲಿಲ್ಲ. ಮನೆಯಲ್ಲಿ ಮಿಕ್ಸಿ ಸದ್ದು ಬದಲಾದರೆ ಅಕ್ಕನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಸೇತುವೆಗೆ ಮೂರು ವರ್ಷ ತುಂಬಿದ ಹೊತ್ತಿನಲ್ಲಿ ಒಂದು ಭಾನುವಾರ, ಊಟಕ್ಕೆ ಕೂತಿದ್ದಾಗ ನನ್ನನ್ನು ಕೇಳಿದರು. ನನ್ನನ್ನು ಅವರು ಕರೆಯುವುದೇ ಮೆಷಿನಮ್ಮ ಎಂದು.

"ಮೆಷಿನಮ್ಮ, ಮೂರನೇ ಕಂಬ ದಾಟಿದ ಮೇಲೆ ಬಸ್ಸು ಒಂದ್ಸಲ ಕೂತು ಏಳತ್ತಲ್ಲ, ಏನದು?"

"ಸ್ಪ್ರಿಂಗ್ ಪಟ್ಟಿ ನೋಡ್ಸಿ ಭಾವ."

"ನೋಡ್ಸಿದೆ. ಬೇರೆ ಬಸ್ ತಗೊಂಡು ಹೋದ್ರೂ ಹಾಗೇ. ಕೆಳಗಡೆಯಿಂದ ಡಬ್ಬದ ಮುಚ್ಚಳ ತಟ್ಟಿದ ಹಾಗೆ ಸದ್ದು ಬೇರೆ."

ನಾನು ನೀರು ಕುಡಿದೆ. ನೋಡ್ತೀನಿ ಎಂದೆ. ಮರುದಿನ ಸೇತುವೆಯ ಕೆಳಗಿಳಿದು, ನಾಲ್ಕನೇ ಅಂಕಣದ ಅಡಿಯಲ್ಲಿ ನಿಂತು ಕತ್ತೆತ್ತಿ ನೋಡಿದೆ. ಉಕ್ಕಿಗೆ ಬಳಿದ ಬಣ್ಣ, ಕಾಂಕ್ರೀಟು ಕೂಡುವ ಗೆರೆಯುದ್ದಕ್ಕೂ ಸೀಳಿತ್ತು. ಅಲ್ಲಿಂದ ಇಟ್ಟಿಗೆಪುಡಿಯಂಥ ತುಕ್ಕು ಒಸರಿ ಕೆಳಗೆ ಇಳಿದಿತ್ತು. ಒಂದು ಲಾರಿ ದಾಟಿತು. ಆ ಪುಡಿ ಒಂದಿಷ್ಟು ಉದುರಿ ನನ್ನ ಕನ್ನಡಕದ ಮೇಲೆ ಬಿತ್ತು. ಎರಡೂ ಮೈ ಬೇರೆಬೇರೆಯಾಗಿ ಉಜ್ಜಾಡುತ್ತಿವೆ ಎಂದು ತಿಳಿಯಲು ನನಗೆ ಗೇಜು ಬೇಕಾಗಿರಲಿಲ್ಲ.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ನಿವೃತ್ತಿಗೆ ಕೆಲವು ತಿಂಗಳಿದ್ದವು. ನಾನು ಹಿಂದೆ ನಿಂತು ಭಾವನನ್ನು ಮುಂದೆ ಮಾಡಿದೆ. "ನೀವು ಡ್ರೈವರು, ನಿಮ್ಮ ಮಾತಿಗೆ ಬೆಲೆ ಇರತ್ತೆ, ಒಂದು ಅರ್ಜಿ ಕೊಡಿ" ಎಂದೆ. ಅವರು ಮೂರು ಅರ್ಜಿ ಕೊಟ್ಟರು. ಮೊದಲೆರಡಕ್ಕೆ ನಿಮ್ಮ ಕಚೇರಿ ಸೊಪ್ಪು ಹಾಕಲಿಲ್ಲ. ಮೂರನೆಯದಕ್ಕೆ ಬಂದ ಉತ್ತರ ಅಕ್ಕನ ಮನೆಯ ಕಪಾಟಿನಲ್ಲಿದೆ: "ತಾಂತ್ರಿಕ ವಿಷಯಗಳಲ್ಲಿ ಚಾಲಕರು ಅಭಿಪ್ರಾಯ ವ್ಯಕ್ತಪಡಿಸುವುದು ಸಮಂಜಸವಲ್ಲ." ನಿಜ. ಸೇತುವೆಯ ಮೇಲೆ ದಿನಕ್ಕೆ ಎಂಟು ಸಲ ಹೋಗುವವನಿಗೆ ಸೇತುವೆಯ ಬಗ್ಗೆ ಏನು ಗೊತ್ತಿರಲು ಸಾಧ್ಯ? ಫೋಟೊದಲ್ಲಿ ಒಂದು ಸಲ ನಿಂತವರಿಗೆ ಗೊತ್ತಿರಬೇಕು.

ಆ ಉತ್ತರ ಓದಿದ ಮರುದಿನದಿಂದ ಭಾವ ಒಂದು ಹೊಸ ಪದ್ಧತಿ ಶುರುಮಾಡಿದರು. ಸೇತುವೆ ಸಿಗುವ ಮುಂಚೆ ಬಸ್ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಪಕ್ಕದ ಕಾಲುದಾರಿಯಲ್ಲಿ ಮುಂದೆ ನಡೆಸುವುದು. ಕೊನೆಯವರು ಆಚೆ ದಡ ಸೇರಿ ಕಂಡಕ್ಟರ್ ಕೈಯೆತ್ತಿದ ಮೇಲೆ, ಖಾಲಿ ಬಸ್ಸನ್ನು ಮನುಷ್ಯ ನಡೆಯುವಷ್ಟು ನಿಧಾನಕ್ಕೆ ತಾವೊಬ್ಬರೇ ದಾಟಿಸುವುದು. ಜನ ಬೈದರು. ಕೆಲವರು ಬೇರೆ ಬಸ್ಸಿಗೆ ಹೋದರು. ಒಬ್ಬರು ಕೇಳಿದರಂತೆ, "ಏನಪ್ಪಾ, ನಾವು ಟಿಕೆಟ್ ತಗೊಂಡಿರೋದು ಬಸ್ಸಿಗೋ ನಮ್ಮ ಕಾಲಿಗೋ?" ಭಾವ ಹೇಳಿದ್ದು: "ಕಾಲು ಕಾಲಾಗಿ ಇರಲಿ ಅಂತಾನೇ ಅಣ್ಣಾ, ಇಳೀರಿ." ಡಿಪೊದಿಂದ ಎರಡು ನೋಟಿಸು ಬಂದವು. ಅಕ್ಕ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಅವರನ್ನೆಲ್ಲ ಇಳಿಸ್ತೀರಲ್ಲ, ನಿಮ್ಮನ್ನ ಇಳಿಸೋರು ಯಾರು?"

"ಬಸ್ಸು ತಾನಾಗೇ ಹೋಗಲ್ವಲ್ಲೇ" ಎಂದರು.

ಒಂಬತ್ತು ವಾರ ಹೀಗೆ ನಡೆಯಿತು. ಹತ್ತನೇ ವಾರದ ಮಂಗಳವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ, ಮೂವತ್ತೆಂಟು ಜನ ಆಚೆ ದಡದಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದಾಗ, ನಾಲ್ಕನೇ ಅಂಕಣ ಕುಸಿಯಿತು. ಮೊದಲು ಸ್ಲ್ಯಾಬು ಉಕ್ಕಿನ ಮೇಲೆ ಪಕ್ಕಕ್ಕೆ ಸರಿಯಿತಂತೆ, ಮೇಜಿನ ಮೇಲಿನ ಹಲಗೆ ಸರಿದ ಹಾಗೆ. ಆಮೇಲೆ ತೊಲೆ ಸೊಟ್ಟಗಾಗಿ ಕೂತಿತು. ಬಸ್ಸು ಮೂಗು ಕೆಳಗಾಗಿ ಬಾಗಿ ಕಂಬಿಗೆ ಸಿಕ್ಕಿಕೊಂಡಿತು. ಭಾವನ ಸೊಂಟ ಸ್ಟೀರಿಂಗು ಮತ್ತು ಸೀಟಿನ ನಡುವೆ ಸಿಕ್ಕಿತ್ತು. ಅವರನ್ನು ಹೊರಗೆ ತೆಗೆಯಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆ ಮೂವತ್ತೆಂಟು ಜನರಲ್ಲಿ ಒಬ್ಬರೂ ಜಾಗ ಬಿಟ್ಟು ಹೋಗಲಿಲ್ಲ ಎಂದು ಕಂಡಕ್ಟರ್ ಹೇಳಿದರು.

ಈಗ ಭಾವನ ಮೇಲೆ ನೀವು ಹೊರಿಸಿರುವ ಆರೋಪಪಟ್ಟಿಗೆ ಬರೋಣ. "ಚಾಲಕನು ಹಠಾತ್ತನೆ ಬ್ರೇಕ್ ಹಾಕಿದ್ದರಿಂದ ಸೇತುವೆಗೆ ಅಸಾಮಾನ್ಯ ಆಘಾತ ಉಂಟಾಗಿ" ಎಂದು ಬರೆದಿದ್ದೀರಿ. ಖಾಲಿ ಬಸ್ಸು. ನಡೆಯುವ ವೇಗ. ಅದರ ಬ್ರೇಕಿಗೆ ಮುರಿಯುವ ಸೇತುವೆ ಎಂದರೆ, ಅದರ ಮೇಲೆ ಯಾರಾದರೂ ಸೀನಿದ್ದರೆ ಏನಾಗುತ್ತಿತ್ತು? ಅದಕ್ಕೆ ಆರು ನಿಮಿಷ ಮುಂಚೆ ಜಲ್ಲಿ ತುಂಬಿದ ಎರಡು ಲಾರಿ ಅದೇ ಅಂಕಣ ದಾಟಿ ಹೋಗಿದ್ದವು. ಅವುಗಳ ಚಾಲಕರ ಮೇಲೆ ಮೊಕದ್ದಮೆ ಏಕಿಲ್ಲ? ಮೂರು ವರ್ಷ ನಾಲ್ಕು ತಿಂಗಳು ದಾಟಿದ ಹತ್ತು ಲಕ್ಷಕ್ಕೂ ಮಿಕ್ಕ ಲಾರಿಗಳನ್ನೆಲ್ಲ ಬಿಟ್ಟು, ಕೊನೆಗೆ ಬಂದ, ಎಲ್ಲಕ್ಕಿಂತ ಹಗುರಾದ, ಎಲ್ಲಕ್ಕಿಂತ ನಿಧಾನವಾದ ಒಂದು ಬಸ್ಸನ್ನು ಹಿಡಿದಿರಿ. ಕಾರಣ ಸರಳ. ಅದು ಇನ್ನೂ ಅಲ್ಲೇ ಬಿದ್ದಿತ್ತು.

ಕುಸಿದ ತುಂಡನ್ನು ಕತ್ತರಿಸಿ ತೆಗೆಯಲು ಬಂದವರಲ್ಲಿ ಒಬ್ಬ ಗ್ಯಾಸ್ ಕಟರ್ ಇದ್ದರು. ಅವರ ಹೆಂಡತಿ ಆ ಮೂವತ್ತೆಂಟು ಜನರಲ್ಲಿ ಒಬ್ಬಳು. ಈ ತಿಂಗಳ ಮೊದಲ ಭಾನುವಾರ ಅವರು ಅಕ್ಕನ ಮನೆಗೆ ಬಂದರು. ಭಾವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಬಟ್ಟೆ ಚೀಲ ಬಿಚ್ಚಿ ಇಟ್ಟರು. ಒಳಗೆ ಸ್ಟಡ್ಡುಗಳಿದ್ದವು.

"ಇವನ್ನ ಗುಜರಿಗೆ ಹಾಕು ಅಂದ್ರು. ನನಗೆ ಮನಸ್ಸು ಬರಲಿಲ್ಲ" ಎಂದರು ಅವರು. "ನಾನು ಬಿಚ್ಚಿದ ಒಂದು ಸಾಲಲ್ಲಿ ಇಪ್ಪತ್ತೆರಡು ಇದ್ವು. ಹತ್ತೊಂಬತ್ತು ಹೀಗೇ ಇದಾವೆ. ಬುಡ ನೋಡಿ."

ನೋಡಿದೆ. ಮುರಿದ ಮುಖದ ಮುಕ್ಕಾಲು ಭಾಗ ಸವೆದ ಹೊಸಿಲಿನಂತೆ ನುಣ್ಣಗಿತ್ತು, ಮೇಲೆ ಹಳೆಯ ತುಕ್ಕು ಕೂತಿತ್ತು, ತುಕ್ಕಿನಡಿಯಲ್ಲಿ ಮರದ ಉಂಗುರಗಳಂತೆ ಸಣ್ಣ ಸಣ್ಣ ಗೆರೆಗಳು. ಉಳಿದ ಕಾಲು ಭಾಗ ಮಾತ್ರ ಒರಟಾಗಿ, ಹರಳುಹರಳಾಗಿತ್ತು. ಹತ್ತೊಂಬತ್ತು ವರ್ಷ ನಾನು ಇಂಥವನ್ನು ನೋಡಿದ್ದೇನೆ. ಒಂದೇ ಏಟಿಗೆ ಮುರಿದ ಉಕ್ಕು ಹೀಗಿರುವುದಿಲ್ಲ. ನುಣ್ಣಗಿನ ಭಾಗ ತಿಂಗಳುಗಟ್ಟಲೆ ಬಿರಿದುಕೊಂಡು ಉಜ್ಜಾಡಿದ್ದು. ಒರಟು ಭಾಗ ಕೊನೆಗೆ ಉಳಿದು, ತಡೆಯಲಾರದೆ ಕಡಿದದ್ದು. ನಾಲ್ಕನೇ ಅಂಕಣ ಆ ಮಂಗಳವಾರಕ್ಕಿಂತ ಎಷ್ಟೋ ಮೊದಲೇ ಮುರಿದಿತ್ತು. ಬೀಳುವುದಷ್ಟೇ ಬಾಕಿ ಇತ್ತು.

ಭಾವ ಒಂದನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು. "ಇಷ್ಟು ಚಿಕ್ಕದಾ? ಇದು ಹೀಗಾಗತ್ತೆ ಅಂತ ಮೊದಲೇ ಗೊತ್ತಾಗಲ್ವಾ ಮೆಷಿನಮ್ಮ?"

ಗ್ಯಾಸ್ ಕಟರ್ ಹೋಗುವವರೆಗೆ ಕಾದು ನಾನು ಹೇಳಿದೆ. ಯಂತ್ರ, ಶುಕ್ರವಾರ, ವರದಿ, ನನ್ನ ಸಹಿ, ಕಾಯಂ ಆದದ್ದು, ತಂದ ಸಿಹಿ, ಎಲ್ಲವನ್ನೂ. ಹೇಳಿ ಮುಗಿಸುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ಭಾವ ಕೈಯಲ್ಲಿದ್ದ ಸ್ಟಡ್ಡನ್ನು ಸ್ಟೂಲಿನ ಮೇಲಿಟ್ಟರು.

"ನಾನು ಊಟಕ್ಕೆ ಕೂತು ಕೇಳಿದ್ನಲ್ಲ, ಆವತ್ತಾದ್ರೂ ಹೇಳ್ಬಹುದಿತ್ತು" ಎಂದರು.

"ಹೌದು ಭಾವ."

"ನನ್ನ ಸೊಂಟದ ಮಾತು ಬಿಡು. ಮೊದಲ ಮೂರು ವರ್ಷ ನಾನು ಜನಾನ ತುಂಬ್ಕೊಂಡೇ ಹೋಗ್ತಿದ್ನಲ್ಲ. ಬಾಗಿಲಲ್ಲಿ ನೇತಾಡೋರು ಬೇರೆ."

ನಾನು ಸ್ಟಡ್ಡುಗಳನ್ನು ಮತ್ತೆ ಚೀಲಕ್ಕೆ ತುಂಬತೊಡಗಿದೆ. ಕೊನೆಯದನ್ನು ಹಾಕುವಾಗ ಅವರೇ, "ಬರಿ. ಬರೆಯೋದಾದ್ರೆ ನಿನ್ನ ಸಹೀನೂ ಬಿಡದೆ ಬರಿ" ಎಂದರು.

ಮೊದಲು ನಿಮಗೇ ಬರೆದೆ, ಮೂರು ಪುಟ. ಉತ್ತರ ಎರಡು ಸಾಲು. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಬರುವ ಸೋಮವಾರ ನೀವು ಸೇತುವೆಯನ್ನು ಮತ್ತೆ ತೆರೆಯುತ್ತೀರಂತೆ. ನಾಲ್ಕನೇ ಅಂಕಣಕ್ಕೆ ಹೊಸ ತೊಲೆ, ಹೊಸ ಸ್ಲ್ಯಾಬು ಆಗಿದೆ. ಮತ್ತೆ ಹದಿನಾರು ಲಾರಿ, ಮತ್ತೆ ಹೆಲ್ಮೆಟ್, ಮತ್ತೆ ಫೋಟೊ ಆಗಿದೆ. ಉಳಿದ ಐದು ಅಂಕಣ? ಅದೇ ಕಾಂಕ್ರೀಟು, ಅದೇ ಸ್ಟಡ್ಡು, ಅದೇ ಅಂತರದಲ್ಲಿ ಅದೇ ವೆಲ್ಡಿಂಗು. ಅವುಗಳ ಮೇಲೂ ಹೋದದ್ದು ಅವೇ ಲಾರಿಗಳು. ಒಂದು ಕಾಯಿಲೆಯಿಂದ ಆರು ಜನರಲ್ಲಿ ಒಬ್ಬ ಸತ್ತರೆ, ಅವನ ಜಾಗಕ್ಕೆ ಹೊಸಬನನ್ನು ತಂದು ನಿಲ್ಲಿಸಿ ಉಳಿದ ಐವರಿಗೆ ಆರೋಗ್ಯದ ಪ್ರಮಾಣಪತ್ರ ಕೊಡುವ ವೈದ್ಯನನ್ನು ನೀವು ನಿಮ್ಮ ಮಕ್ಕಳಿಗೆ ತೋರಿಸುತ್ತೀರಾ? ಆ ಐದು ಅಂಕಣಗಳ ಅಡಿಯಲ್ಲಿ ನಾನು ಹೋದ ವಾರ ಹೋಗಿ ಬಂದೆ. ಎರಡನೆಯದರಲ್ಲಿ ಮತ್ತು ಐದನೆಯದರಲ್ಲಿ ಬಣ್ಣ ಸೀಳಿದೆ, ತುಕ್ಕಿನ ಪುಡಿ ಒಸರುತ್ತಿದೆ. ಏಣಿ ಬೇಕಾಗಿಲ್ಲ, ಕತ್ತೆತ್ತಿದರೆ ಸಾಕು. ನಿಮ್ಮ ಕತ್ತು ಮೇಲೆ ನೋಡುವುದು ಯಾರನ್ನು ಎಂಬುದು ಬೇರೆ ಮಾತು.

ನಾನು ಕೇಳುತ್ತಿರುವುದು ಬಹಳವಿಲ್ಲ. ಸೇತುವೆ ತೆರೆಯಬೇಡಿ. ಉಳಿದ ಐದು ಅಂಕಣಗಳಲ್ಲೂ ತುದಿಯ ಕಡೆ ಸ್ಲ್ಯಾಬು ಒಡೆದು, ಸ್ಟಡ್ಡುಗಳ ಬುಡವನ್ನು ಬೆಳಕಿಗೆ ಹಿಡಿದು, ಎಷ್ಟು ಮುರಿದಿವೆ ಎಂದು ಎಣಿಸಿ. ಎಣಿಸುವವರು ನಿಮ್ಮ ಇಲಾಖೆಯವರಾಗಿರಬಾರದು. ಅಂಗಳದಲ್ಲಿ ಬಿದ್ದಿರುವ ಆ ಎರಡು ಬೀಮುಗಳನ್ನು ಯಂತ್ರಕ್ಕೆ ಏರಿಸಿ ಇಪ್ಪತ್ತು ಲಕ್ಷ ಒತ್ತಿ. ಒಂದೊಂದಕ್ಕೆ ಎಂಟು ದಿನ ಸಾಕು, ನಿಮ್ಮ ಮುಂದೆ ಆರು ವರ್ಷ ಇತ್ತು. ದಾಖಲೆ ಪುಸ್ತಕದ ಆ ಶುಕ್ರವಾರದ ಪುಟವನ್ನು ಪ್ರಕಟಿಸಿ. ಅದು ಕಳೆದುಹೋಗಿದೆ ಎಂದು ಹೇಳುವ ಯೋಚನೆಯಿದ್ದರೆ ತೊಂದರೆ ತೆಗೆದುಕೊಳ್ಳಬೇಡಿ, ನಿವೃತ್ತಿಯ ದಿನ ನಾನು ಅದರ ಫೋಟೊ ತೆಗೆದುಕೊಂಡಿದ್ದೇನೆ; ಈ ಪತ್ರದ ಜೊತೆ ಪತ್ರಿಕೆಯವರಿಗೆ ಕೊಟ್ಟಿದ್ದೇನೆ. ಮತ್ತು ಆರೋಪಪಟ್ಟಿಯಿಂದ ಚಾಲಕನ ಹೆಸರು ತೆಗೆಯಿರಿ. ಜಾಗ ಖಾಲಿ ಬಿಡಲು ಸಂಕೋಚವಾದರೆ ಅಲ್ಲಿ ನನ್ನ ಹೆಸರು ಹಾಕಿ. ನಾನು ಬಂದು ಒಪ್ಪಿಕೊಳ್ಳುತ್ತೇನೆ, ಏನೂ ಮುಚ್ಚಿಡುವುದಿಲ್ಲ. ಆದರೆ ಆ ವರದಿಯಲ್ಲಿ ನನ್ನ ಸಹಿಯ ಮೇಲೆ ಇನ್ನೊಂದು ಸಹಿ ಇದೆ. ಅದನ್ನು ಹಾಕಿದವರು "ಹಾಕಲಾಗಿದೆ" ಎಂದು ಬರೆದು ತಪ್ಪಿಸಿಕೊಳ್ಳಲು ಈ ಸಲ ಬಿಡುವುದಿಲ್ಲ.

ಇದಾವುದೂ ಆಗದಿದ್ದರೆ, ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಸೇತುವೆಯ ಮುಂದೆ ನಿಂತಿರುತ್ತೇನೆ. ಬರುವ ಪ್ರತಿ ಬಸ್ಸಿಗೂ ಕೈ ಅಡ್ಡ ಹಿಡಿದು, ಕೆಳಗೆ ಏನಿದೆ ಎಂದು ಹೇಳುತ್ತೇನೆ. ಪೊಲೀಸರನ್ನು ಕಳಿಸುವುದಾದರೆ ಕಳಿಸಿ. ಅವರನ್ನು ಮಾತ್ರ ಆಚೆ ದಡದಿಂದ ಕಳಿಸಬೇಡಿ, ಸೇತುವೆ ದಾಟಿ ಬರಬೇಕಾಗುತ್ತದೆ.

ನಿನ್ನೆ ಈ ಪತ್ರವನ್ನು ಭಾವನಿಗೆ ಓದಿ ಹೇಳಿದೆ. ಅವರು ಎರಡು ಕಡೆ ತಿದ್ದಿಸಿದರು. ಓದಿ ಮುಗಿಸಿ ಹಾಳೆ ಮಡಿಸುತ್ತಿದ್ದಾಗ, ಅಕ್ಕ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು, "ಎಂಟಕ್ಕೆ ಅಂದ್ರೆ ಮನೆಯಿಂದ ಏಳಕ್ಕೇ ಹೊರಡ್ಬೇಕು. ನಾನೂ ಬರ್ತೀನಿ" ಎಂದಳು. ಹನ್ನೊಂದು ದಿನಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಇಂತಿ,
ವಿಧೇಯಳಾಗಿದ್ದುದಕ್ಕೆ ನಾಚಿಕೊಂಡಿರುವ,
ನಿಮ್ಮದೇ ಪರೀಕ್ಷಾಲಯದ ನಿವೃತ್ತ ಯಂತ್ರ ನಿರ್ವಾಹಕಿ